ಅಳಿಸಿದರೆ ಏನಾದರೂ ಹೋಗುತ್ತಾ ಮೇಡಂ?

ಕಂಪ್ಯೂಟರ್ ಪ್ರಶ್ನೋತ್ತರ

ಕಳೆದ ಸಂಚಿಕೆಯಲ್ಲಿ ‘ನಿಮ್ಮ ಕಂಪ್ಯೂಟರಿನ ಡೆಸ್ಕ್‌ಟಾಪ್ ಈಗ ಹೇಗಿದೆಯೋ ಹಾಗೇ ಫೋಟೋ ತೆಗೆದು ಕಳಿಸಿ, ಅಲ್ಲಿ ಏನು ತೊಂದರೆ ಅಂತಲೂ ಬರೆಯಿರಿ’ ಎಂದು ಕೇಳಿದ್ದೆ. ಬಂದ ಪತ್ರಗಳನ್ನು ಓದುತ್ತಾ ಹೋದರೆ ಊರು ಬೇರೆ, ಕೆಲಸ ಬೇರೆ, ಭಯ ಮಾತ್ರ ಒಂದೇ. ಯಾವುದನ್ನು ಮುಟ್ಟಿದರೆ ಏನು ಹೋಗಿಬಿಡುತ್ತದೋ ಎಂಬ ಹೆದರಿಕೆಯಿಂದ ಎಲ್ಲವನ್ನೂ ಹಾಗೇ ಬಿಟ್ಟುಕೊಂಡಿದ್ದೀರಿ. ಪಾಲಿಟೆಕ್ನಿಕ್ ಲ್ಯಾಬಿನಲ್ಲಿ ಪಾಠ ಹೇಳುತ್ತಿದ್ದಾಗಿನಿಂದಲೂ ನಾನು ಕಂಡಿರುವುದು ಇದನ್ನೇ. ಆದ್ದರಿಂದ ಮೊದಲ ಉತ್ತರವನ್ನು ಉದ್ದಕ್ಕೇ ಬರೆದಿದ್ದೇನೆ. ಬೇರೆಯವರೂ ಅದನ್ನು ಓದಿಕೊಂಡು ಮುಂದೆ ಹೋಗಿ.

● ನಮ್ಮದು ಸರ್ಕಾರಿ ಪ್ರೌಢಶಾಲೆ. ಆಫೀಸಿನಲ್ಲಿರುವ ಒಂದೇ ಕಂಪ್ಯೂಟರನ್ನು ಹೆಡ್‌ಮಾಸ್ಟರು, ಗುಮಾಸ್ತರು, ಶಿಕ್ಷಕರು ಎಲ್ಲರೂ ಬಳಸುತ್ತೇವೆ. ಪರದೆ ತುಂಬ ಐಕಾನ್. ಬೇಕಾದ್ದನ್ನು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ. ಅಳಿಸೋಣ ಅಂದರೆ ಮಕ್ಕಳ ಮಾಹಿತಿ ಏನಾದರೂ ಹೋಗುತ್ತಾ ಮೇಡಂ? ಎಲ್ಲಿಂದ ಶುರು ಮಾಡಲಿ?
— ಶಿಕ್ಷಕಿ, ತೀರ್ಥಹಳ್ಳಿ ತಾಲ್ಲೂಕು

ನೀವು ಕಳಿಸಿದ ಫೋಟೋವನ್ನು ಹಿಗ್ಗಿಸಿ ನೋಡಿದೆ. ಎಡಗಡೆ ಮೇಲೆ ರಿಸೈಕಲ್ ಬಿನ್. ಅದರ ಕೆಳಗೆ ಎರಡು ಕ್ರೋಮ್, ವಿಎಲ್‌ಸಿ, ಪಿಡಿಎಫ್ ರೀಡರ್, ನುಡಿ, ಸ್ಕ್ಯಾನರಿನ ಐಕಾನ್. ಪಕ್ಕದ ಸಾಲಿನಲ್ಲಿ ‘ಬಿಸಿಯೂಟ ಜೂನ್’, ‘ಬಿಸಿಯೂಟ ಜೂನ್ ಫೈನಲ್’, ‘ನಾಮಿನಲ್ ರೋಲ್ ಹೊಸದು’, ‘ನ್ಯೂ ಫೋಲ್ಡರ್’, ‘ನ್ಯೂ ಫೋಲ್ಡರ್ (2)’. ಅಲ್ಲಿಂದ ಬಲಗಡೆಗೆ ಬರೀ ‘ಸ್ಕ್ಯಾನ್’ ಎಂದು ಶುರುವಾಗುವ ಫೈಲುಗಳು. ಈ ಪರದೆಯ ಮೇಲೆ ಎರಡು ಬೇರೆ ಬೇರೆ ಬಗೆಯ ವಸ್ತುಗಳು ಒಂದೇ ವೇಷದಲ್ಲಿ ಕೂತಿವೆ. ಯಾವುದು ಯಾವುದು ಅಂತ ಗುರುತು ಹಿಡಿಯಲು ಬಂದರೆ ಭಯ ತಾನಾಗಿ ಇಳಿಯುತ್ತದೆ.

ಐಕಾನಿನ ಎಡ ಕೆಳಮೂಲೆ ನೋಡಿ. ಅಲ್ಲಿ ಪುಟ್ಟ ಬಾಣದ ಗುರುತು ಇದ್ದರೆ ಅದು ಶಾರ್ಟ್‌ಕಟ್. ಪ್ರೋಗ್ರಾಂ ಇರುವುದು ಬೇರೆ ಕಡೆ, ಸಾಮಾನ್ಯವಾಗಿ ಸಿ ಡ್ರೈವಿನ ‘ಪ್ರೋಗ್ರಾಂ ಫೈಲ್ಸ್’ ಒಳಗೆ. ಡೆಸ್ಕ್‌ಟಾಪ್ ಮೇಲಿರುವುದು ಅಲ್ಲಿಗೆ ಹೋಗುವ ದಾರಿ ತೋರಿಸುವ ಒಂದೆರಡು ಕೆಬಿಯ ಫೈಲು ಅಷ್ಟೇ. ರಸ್ತೆ ಕೂಡುವಲ್ಲಿ ನಿಲ್ಲಿಸಿದ ಕೈಮರದ ಹಾಗೆ. ಅದನ್ನು ಕಿತ್ತರೂ ಊರು ಇದ್ದಲ್ಲೇ ಇರುತ್ತದೆ. ವಿಎಲ್‌ಸಿಯ ಶಾರ್ಟ್‌ಕಟ್ ಅಳಿಸಿದರೆ ವಿಎಲ್‌ಸಿ ಹೋಗುವುದಿಲ್ಲ. ನುಡಿಯ ಶಾರ್ಟ್‌ಕಟ್ ಅಳಿಸಿದರೆ ನುಡಿಯೂ ಹೋಗುವುದಿಲ್ಲ, ಅದರಲ್ಲಿ ಟೈಪ್ ಮಾಡಿದ ಪತ್ರಗಳೂ ಹೋಗುವುದಿಲ್ಲ.

ಬಾಣ ಇಲ್ಲದಿದ್ದರೆ ಅದು ನಿಜವಾದ ಫೈಲು ಅಥವಾ ಫೋಲ್ಡರು. ನಿಮ್ಮ ‘ನಾಮಿನಲ್ ರೋಲ್ ಹೊಸದು’ ಅಂಥದ್ದು. ಅಳಿಸಿದರೆ ಅದೇ ಹೋಗುತ್ತದೆ. (ರಿಸೈಕಲ್ ಬಿನ್, ‘ದಿಸ್ ಪಿಸಿ’ ಇವಕ್ಕೂ ಬಾಣ ಇರುವುದಿಲ್ಲ, ಅವು ವಿಂಡೋಸಿನವು, ಅವುಗಳ ತಂಟೆ ಬೇಡ.) ಅನುಮಾನ ಬಂದರೆ ಐಕಾನಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರಾಪರ್ಟೀಸ್’ ತೆರೆಯಿರಿ. ಶಾರ್ಟ್‌ಕಟ್ ಆಗಿದ್ದರೆ ಅಲ್ಲಿ ಹಾಗಂತಲೇ ಬರೆದಿರುತ್ತದೆ, ಅದು ಯಾವ ಕಡೆಗೆ ಬೊಟ್ಟು ಮಾಡುತ್ತಿದೆ ಎಂಬ ವಿಳಾಸವೂ ಇರುತ್ತದೆ.

ಈ ವ್ಯತ್ಯಾಸ ಗೊತ್ತಿಲ್ಲದೆ ಆಗುವ ಇನ್ನೊಂದು ಅನಾಹುತ ಹೇಳುತ್ತೇನೆ, ಶಾಲೆಯವರಿಗೆ ಇದು ಮುಖ್ಯ. ನನಗೆ ಪರಿಚಯದ ಶಿಕ್ಷಕರೊಬ್ಬರು ಹಾಜರಾತಿಯ ಫೋಲ್ಡರನ್ನು ಪೆನ್ ಡ್ರೈವಿಗೆ ಕಾಪಿ ಮಾಡಿಕೊಂಡು ಬಿಇಒ ಕಚೇರಿಗೆ ಹೋದರು. ಅಲ್ಲಿ ತೆರೆದರೆ ಫೋಲ್ಡರೇ ಸಿಗದು. ಅವರು ಕಾಪಿ ಮಾಡಿದ್ದು ಬಾಣದ ಐಕಾನು. ಅದು ತೋರಿಸುತ್ತಿದ್ದ ಫೋಲ್ಡರು ಶಾಲೆಯ ಕಂಪ್ಯೂಟರಿನಲ್ಲೇ ಇತ್ತು. ಬಸ್ಸು ಹಿಡಿದು ಮತ್ತೆ ಶಾಲೆಗೆ ಬಂದು, ಸರಿಯಾದ್ದನ್ನು ಹಾಕಿಕೊಂಡು ಮಾರನೇ ದಿನ ಹೋಗಬೇಕಾಯಿತು. ಪೆನ್ ಡ್ರೈವಿಗೆ ಹಾಕಿದ ಮೇಲೆ ಅಲ್ಲಿ ಅದರ ಗಾತ್ರ ಒಮ್ಮೆ ನೋಡಿ. ನೂರಾರು ಮಕ್ಕಳ ವಿವರ ಒಂದು ಕೆಬಿಯಲ್ಲಿ ಹಿಡಿಸುವುದಿಲ್ಲ.

ಇನ್ನು ಕೆಲಸಕ್ಕೆ ಇಳಿಯಿರಿ. ಮೊದಲ ದಿನ ಬಾಣದವುಗಳನ್ನು ಮಾತ್ರ ಮುಟ್ಟಿ. ದಿನವೂ ಬಳಸುವ ನಾಲ್ಕೈದು ಉಳಿಸಿಕೊಂಡು ಮಿಕ್ಕದ್ದನ್ನು ಒಂದೊಂದಾಗಿ ಡಿಲೀಟ್ ಮಾಡಿ. ಕೆಲವಕ್ಕೆ ‘ಅಡ್ಮಿನಿಸ್ಟ್ರೇಟರ್ ಅನುಮತಿ ಬೇಕು’ ಎಂಬ ಕಿಟಕಿ ಬರುತ್ತದೆ. ಹೆದರಬೇಡಿ. ಆ ಶಾರ್ಟ್‌ಕಟ್ ಕಂಪ್ಯೂಟರಿನ ಎಲ್ಲ ಬಳಕೆದಾರರಿಗೂ ಕಾಣುವ ‘ಪಬ್ಲಿಕ್ ಡೆಸ್ಕ್‌ಟಾಪ್’ ಫೋಲ್ಡರಿನಲ್ಲಿದೆ ಎಂದಷ್ಟೇ ಅದರ ಅರ್ಥ. ಹೆಡ್‌ಮಾಸ್ಟರನ್ನು ಒಂದು ಮಾತು ಕೇಳಿ ಅಳಿಸಿ. ಎರಡು ಕ್ರೋಮ್ ಇವೆ ಅಂತ ಗಾಬರಿಯೂ ಬೇಡ. ಒಂದರ ಮೇಲೆ ಪುಟ್ಟ ದುಂಡು ಚಿತ್ರ ಕಾಣುತ್ತಿದೆ. ಯಾರೋ ತಮ್ಮ ಜಿಮೇಲ್‌ಗೆ ಅಂತ ಕ್ರೋಮ್‌ನಲ್ಲಿ ಬೇರೆ ಪ್ರೊಫೈಲ್ ಮಾಡಿಕೊಂಡಿದ್ದಾರೆ, ಅದರ ಶಾರ್ಟ್‌ಕಟ್ ಅದು. ಪ್ರೋಗ್ರಾಮೇ ಬೇಡ ಅನ್ನಿಸಿದರೆ, ಉದಾಹರಣೆಗೆ ಅವಧಿ ಮುಗಿದ ಆ ಹಳೇ ಆ್ಯಂಟಿವೈರಸ್, ಶಾರ್ಟ್‌ಕಟ್ ಅಳಿಸಿ ಪ್ರಯೋಜನವಿಲ್ಲ. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್ ತೆರೆದು ‘ಆ್ಯಪ್ಸ್’, ಅದರೊಳಗೆ ‘ಇನ್‌ಸ್ಟಾಲ್ಡ್ ಆ್ಯಪ್ಸ್’ಗೆ ಹೋಗಿ ಅಲ್ಲಿಂದ ಅನ್‌ಇನ್‌ಸ್ಟಾಲ್ ಮಾಡಬೇಕು.

ಫೈಲುಗಳ ವಿಷಯಕ್ಕೆ ಬಂದರೆ, ಕೂತು ಒಂದೊಂದೇ ತೆರೆದು ವಿಂಗಡಿಸಲು ಹೋಗಬೇಡಿ. ಪರೀಕ್ಷೆ, ಬಿಸಿಯೂಟ, ವೇತನ ಬಿಲ್ಲುಗಳ ನಡುವೆ ಅದು ಮುಗಿಯುವ ಕೆಲಸವಲ್ಲ. ಡಾಕ್ಯುಮೆಂಟ್ಸ್ ಒಳಗೆ ‘ಹಳೆಯದು’ ಅಂತ ಒಂದು ಫೋಲ್ಡರ್ ಮಾಡಿ, ಬಾಣವಿಲ್ಲದ ಎಲ್ಲವನ್ನೂ ಆರಿಸಿ ಕಟ್ ಮಾಡಿ ಅಲ್ಲಿ ಪೇಸ್ಟ್ ಮಾಡಿ. ಏನನ್ನೂ ಅಳಿಸಿಲ್ಲ, ಜಾಗ ಬದಲಾಯಿತು ಅಷ್ಟೇ. ಆಮೇಲೆ ಬೇಕಾದಾಗ ಅಲ್ಲಿಂದ ತೆಗೆದು ‘ಬಿಸಿಯೂಟ’, ‘ಪರೀಕ್ಷೆ’, ‘ವಿದ್ಯಾರ್ಥಿವೇತನ’ ಎಂಬ ಫೋಲ್ಡರುಗಳಲ್ಲಿ ಇಡುತ್ತಾ ಹೋಗಿ. ಒಂದು ಶೈಕ್ಷಣಿಕ ವರ್ಷ ಕಳೆಯುವಷ್ಟರಲ್ಲಿ ಜೀವಂತ ಫೈಲುಗಳೆಲ್ಲ ತಮ್ಮ ಜಾಗ ಸೇರಿರುತ್ತವೆ. ‘ಹಳೆಯದು’ ಒಳಗೆ ಉಳಿದದ್ದು ಉಳಿಯಲಿ, ಯಾರಿಗೂ ತೊಂದರೆಯಿಲ್ಲ.

ಫೈಲಿಗೆ ಹೆಸರಿಡುವಾಗ ದಿನಾಂಕವನ್ನು ವರ್ಷದಿಂದ ಶುರು ಮಾಡಿ: ‘2025-06-30 ಬಿಸಿಯೂಟ’. ನಾವು ರೂಢಿಯಲ್ಲಿ ಬರೆಯುವ ಹಾಗೆ 30-06-2025 ಎಂದು ಬರೆದರೆ ಎಲ್ಲ ತಿಂಗಳುಗಳ ಮೂವತ್ತನೇ ತಾರೀಕು ಒಂದು ಕಡೆ ಗುಂಪಾಗುತ್ತವೆ. ವರ್ಷ ಮೊದಲು ಬಂದರೆ ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ‘ಫೈನಲ್’ ಎಂಬ ಮಾತನ್ನು ಫೈಲಿನ ಹೆಸರಿನಲ್ಲಿ ಬಿಟ್ಟೇಬಿಡಿ. ದಿನಾಂಕ ನೋಡಿದರೆ ಕೊನೆಯದು ಯಾವುದೆಂದು ಗೊತ್ತಾಗುತ್ತದೆ.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಹೆಸರಿನ ಮಹತ್ವ ಇನ್ನೂ ಹೆಚ್ಚು. ನಿಮ್ಮ ಹಳೆಯ ಪತ್ರಗಳೆಲ್ಲ ‘ನುಡಿ 01 ಇ’ ಫಾಂಟಿನಲ್ಲಿವೆ ಎಂದು ಬರೆದಿದ್ದೀರಿ. ಅದು ಯೂನಿಕೋಡ್ (ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರುಗಳು ಒಪ್ಪಿಕೊಂಡಿರುವ ಸಂಕೇತ ಪದ್ಧತಿ) ಅಲ್ಲ. ನಮ್ಮ ಕಣ್ಣಿಗೆ ಕನ್ನಡ ಅಕ್ಷರ ಕಂಡರೂ ಕಂಪ್ಯೂಟರಿಗೆ ಅವು ಇಂಗ್ಲಿಷಿನ ಮತ್ತು ಯುರೋಪಿನ ಬೇರೆ ಭಾಷೆಗಳ ಗುರುತುಗಳು, ಅರ್ಥವಿಲ್ಲದ ಸಾಲು. ಹಾಗಾಗಿ ವಿಂಡೋಸಿನ ಸರ್ಚ್‌ನಲ್ಲಿ ಯೂನಿಕೋಡ್ ಕನ್ನಡದಲ್ಲಿ ‘ವರ್ಗಾವಣೆ’ ಎಂದು ಹುಡುಕಿದರೆ ಆ ಪತ್ರದ ಒಳಗಿರುವ ‘ವರ್ಗಾವಣೆ’ ಸಿಗುವುದಿಲ್ಲ. ಫೈಲಿನ ಹೆಸರು ಯೂನಿಕೋಡಿನಲ್ಲಿದ್ದರೆ ಹೆಸರಾದರೂ ಸಿಗುತ್ತದೆ. ನಿಮ್ಮಲ್ಲಿ ಎಷ್ಟೋ ವರ್ಷಗಳ ಪತ್ರಗಳು ಹೀಗೆ ಹುಡುಕಲು ಸಿಗದಂತೆ ಕೂತಿವೆ ಅನ್ನುವುದು ನನಗೆ ನಿಜವಾಗಿ ಬೇಸರದ ಸಂಗತಿ. ಹೊಸದಾಗಿ ಬರೆಯುವುದನ್ನಾದರೂ ಯೂನಿಕೋಡಿನಲ್ಲೇ ಬರೆಯಿರಿ. ನುಡಿಯಲ್ಲೂ ಆ ಸೌಲಭ್ಯ ಇದೆ.

ಡೆಸ್ಕ್‌ಟಾಪ್ ಮೇಲೆ ಫೈಲು ಇಡಬಾರದು ಎಂದು ನಾನು ಒತ್ತಿ ಹೇಳುವುದಕ್ಕೆ ಅಂದಕ್ಕಿಂತ ದೊಡ್ಡ ಕಾರಣವಿದೆ. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವಿನಲ್ಲಿ, ನಿಮ್ಮ ಬಳಕೆದಾರರ ಹೆಸರಿನ ಫೋಲ್ಡರಿನೊಳಗೆ. ಕಂಪ್ಯೂಟರ್ ಕೆಟ್ಟು ರಿಪೇರಿಯವರು ವಿಂಡೋಸ್ ಹೊಸದಾಗಿ ಹಾಕುವಾಗ ಅಳಿಸುವುದು ಸಿ ಡ್ರೈವನ್ನೇ. ಡಾಕ್ಯುಮೆಂಟ್ಸ್ ಕೂಡ ಅಲ್ಲೇ ಇರುವುದರಿಂದ, ಡಿ ಡ್ರೈವ್ ಇದ್ದರೆ ‘ಹಳೆಯದು’ ಸೇರಿ ಶಾಲೆಯ ಇಡೀ ಫೋಲ್ಡರನ್ನು ಡಾಕ್ಯುಮೆಂಟ್ಸ್ ಬದಲು ಡಿಯಲ್ಲೇ ಮಾಡಿ. ಆದರೆ ಸಾಮಾನ್ಯವಾಗಿ ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಭಾಗಗಳು. ಡಿಸ್ಕೇ ಸತ್ತರೆ ಎರಡೂ ಹೋಗುತ್ತವೆ. ತಿಂಗಳಿಗೊಮ್ಮೆ ಇಡೀ ಫೋಲ್ಡರನ್ನು ಹೊರಗಿನ ಒಂದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ, ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ.

● ಡೆಸ್ಕ್‌ಟಾಪ್ ಮೇಲೆ ಐಕಾನ್ ಜಾಸ್ತಿಯಾದರೆ ಕಂಪ್ಯೂಟರ್ ನಿಧಾನ ಆಗುತ್ತದೆಯೇ? ಅಂಗಡಿಯವರು ಹಾಗೆ ಹೇಳಿದರು.
— ಓದುಗರು, ಗದಗ

ಶಾರ್ಟ್‌ಕಟ್‌ಗಳಿಂದ ನಿಧಾನವಾಗುವುದು ನಾವು ಗಮನಿಸುವಷ್ಟು ಇರುವುದಿಲ್ಲ. ನಿಧಾನಕ್ಕೆ ಕಾರಣ ಹೆಚ್ಚಾಗಿ ಕಂಪ್ಯೂಟರ್ ಆನ್ ಆದ ಕೂಡಲೇ ತಾವಾಗಿ ಶುರುವಾಗುವ ಪ್ರೋಗ್ರಾಂಗಳು, ಸಾಕಾಗದ ರ‍್ಯಾಮ್, ಇಲ್ಲವೇ ಹಳೆಯ ತಿರುಗುವ ಹಾರ್ಡ್ ಡಿಸ್ಕ್. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ನಿಮಗೆ ಬೇಡದವುಗಳನ್ನು ‘ಡಿಸೇಬಲ್’ ಮಾಡಿ. ಆ್ಯಂಟಿವೈರಸ್ಸನ್ನು ಮಾತ್ರ ಹಾಗೇ ಬಿಡಿ.

● ನಾನು ಜೆರಾಕ್ಸ್ ಮತ್ತು ಸೈಬರ್ ಸೆಂಟರ್ ಇಟ್ಟಿದ್ದೇನೆ. ಜಾತಿ–ಆದಾಯ ಪ್ರಮಾಣಪತ್ರ, ಪಹಣಿ, ವಿದ್ಯಾರ್ಥಿವೇತನದ ಅರ್ಜಿ ಎಲ್ಲ ಮಾಡಿಕೊಡುತ್ತೇನೆ. ಗಿರಾಕಿಗಳ ಆಧಾರ್, ಫೋಟೋ, ಮಾರ್ಕ್ಸ್ ಕಾರ್ಡ್ ಎಲ್ಲ ಡೆಸ್ಕ್‌ಟಾಪಿನಲ್ಲೇ ಸೇರಿಕೊಂಡು ಈಗ ಹೊಸ ಫೈಲ್ ಎಲ್ಲಿ ಬಂತು ಅನ್ನುವುದೇ ಕಾಣುವುದಿಲ್ಲ. ಜನ ನಿಂತಿರುತ್ತಾರೆ. ಬೇಗ ಕೆಲಸ ಆಗುವ ದಾರಿ ತಿಳಿಸಿ ಅಕ್ಕಾ.
— ಸೈಬರ್ ಸೆಂಟರ್ ಮಾಲೀಕರು, ಹಾವೇರಿ ಜಿಲ್ಲೆ

ತಮ್ಮಾ, ನೀವು ಕೇಳಿದ್ದು ವೇಗದ ಬಗ್ಗೆ. ಅದಕ್ಕೂ ಉತ್ತರ ಕೊಡುತ್ತೇನೆ. ಆದರೆ ನಿಮ್ಮ ಫೋಟೋ ನೋಡಿದಾಗ ನನಗೆ ಮೊದಲು ಕಂಡದ್ದು ಬೇರೆ. ಗಿರಾಕಿಗಳ ಹೆಸರೇ ಫೈಲಿನ ಹೆಸರು. ಆಧಾರ್ ಕಾರ್ಡುಗಳ ಚಿಕ್ಕ ಚಿತ್ರಗಳು ಪರದೆಯ ಮೇಲೇ ಕಾಣುತ್ತಿವೆ. ಕೌಂಟರಿನ ಆಚೆ ನಿಂತವರು ಯಾರು ಬೇಕಾದರೂ ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಳ್ಳಬಹುದು. (ನನಗೆ ಕಳಿಸಿದ ಫೋಟೋವನ್ನು ನಾನು ಅಳಿಸಿದ್ದೇನೆ. ನೀವೂ ಮೊಬೈಲಿನಿಂದ ಅಳಿಸಿಬಿಡಿ.) ನಿಮ್ಮನ್ನು ನಂಬಿ ಕಾಗದ ಕೊಟ್ಟವರಲ್ಲಿ ಅನೇಕರಿಗೆ ಅದು ನಿಮ್ಮ ಕಂಪ್ಯೂಟರಿನಲ್ಲಿ ಉಳಿದಿದೆ ಎಂದೇ ತಿಳಿದಿರುವುದಿಲ್ಲ.

ಇ–ಆಧಾರ್ ಪಿಡಿಎಫ್‌ಗೆ ಪಾಸ್‌ವರ್ಡ್ ಇದೆಯಲ್ಲ ಎನ್ನಬಹುದು. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಜೊತೆಗೆ ಹುಟ್ಟಿದ ವರ್ಷ ಎಂಬುದು ಎಲ್ಲರಿಗೂ ಗೊತ್ತು. ಫೈಲಿಗೆ ಗಿರಾಕಿಯ ಹೆಸರೇ ಇಟ್ಟು, ಪಕ್ಕದಲ್ಲೇ ಅವರ ಮಾರ್ಕ್ಸ್ ಕಾರ್ಡ್ ಇಟ್ಟರೆ ಬೀಗದ ಜೊತೆ ಕೀಲಿಯನ್ನೂ ಇಟ್ಟಂತಾಯಿತು. ಬರೀ ಗುರುತಿಗೆ ಸಾಕಾಗುವ ಕಡೆ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿಕೊಡಿ. ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆಂದೇ ದೇಶದಲ್ಲಿ ಕಾಯ್ದೆ ಬಂದಿದೆ. ಕಾಯ್ದೆಯ ಮಾತು ಹಾಗಿರಲಿ, ಊರಲ್ಲಿ ನಿಮ್ಮ ಅಂಗಡಿಗೆ ಇರುವ ಹೆಸರು ಇದರ ಮೇಲೇ ನಿಂತಿದೆ.

ಈಗ ದಾರಿ ಹೇಳುತ್ತೇನೆ. ಸ್ಕ್ಯಾನರ್, ಬ್ರೌಸರ್, ವಾಟ್ಸ್‌ಆ್ಯಪ್ ವೆಬ್ ಎಲ್ಲದರ ಫೈಲೂ ‘ಡೌನ್‌ಲೋಡ್ಸ್’ ಫೋಲ್ಡರಿಗೇ ಬರುವಂತೆ ಹೊಂದಿಸಿ. ಸ್ಕ್ಯಾನರಿನ ಪ್ರೋಗ್ರಾಮಿನಲ್ಲೂ ಎಲ್ಲಿ ಉಳಿಸಬೇಕು ಎಂದು ಆರಿಸುವ ಜಾಗ ಇರುತ್ತದೆ, ಅಲ್ಲಿ ಡೆಸ್ಕ್‌ಟಾಪ್ ತೆಗೆದು ಇದನ್ನು ಕೊಡಿ. ಡೌನ್‌ಲೋಡ್ಸ್ ಫೋಲ್ಡರನ್ನು ತಾರೀಕಿನ ಪ್ರಕಾರ, ಹೊಸದು ಮೇಲೆ ಬರುವಂತೆ ಜೋಡಿಸಿ. ಈಗ ಬಂದ ಫೈಲು ಯಾವಾಗಲೂ ಮೊದಲ ಸಾಲಿನಲ್ಲಿರುತ್ತದೆ. ನೀವು ಹುಡುಕುವ ಪ್ರಸಂಗವೇ ಬರುವುದಿಲ್ಲ. ಅರ್ಜಿ ತುಂಬುವಾಗ ‘ಚೂಸ್ ಫೈಲ್’ ಒತ್ತಿದರೆ ತೆರೆಯುವ ಕಿಟಕಿಯಲ್ಲೂ ಎಡಗಡೆ ಡೌನ್‌ಲೋಡ್ಸ್ ಇರುತ್ತದೆ.

ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ‘ಸಿಸ್ಟಮ್’, ‘ಸ್ಟೋರೇಜ್’ ಒಳಗೆ ‘ಸ್ಟೋರೇಜ್ ಸೆನ್ಸ್’ ಎಂಬುದನ್ನು ಆನ್ ಮಾಡಿ, ಪ್ರತಿದಿನ ನಡೆಯುವಂತೆ ಇಡಿ. ಡೌನ್‌ಲೋಡ್ಸ್‌ನಲ್ಲಿ ಇಷ್ಟು ದಿನ ತೆರೆಯದೆ ಬಿದ್ದಿರುವ ಫೈಲನ್ನು ಅಳಿಸು ಎಂದು ಅದಕ್ಕೆ ಹೇಳಬಹುದು. 1, 14, 30, 60 ದಿನ ಎಂಬ ಆಯ್ಕೆಗಳಿವೆ. ನಿಮ್ಮಂಥ ಅಂಗಡಿಗೆ 1 ದಿನವೇ ಸರಿ. ರಿಸೈಕಲ್ ಬಿನ್‌ಗೂ ಹೀಗೇ ದಿನ ಗೊತ್ತುಮಾಡಿ, ಏಕೆಂದರೆ ಡಿಲೀಟ್ ಒತ್ತಿದ ಆಧಾರ್ ಅಲ್ಲಿ ಇದ್ದೇ ಇರುತ್ತದೆ. ಸ್ಟೋರೇಜ್ ಸೆನ್ಸ್ ಡೆಸ್ಕ್‌ಟಾಪನ್ನು ಮುಟ್ಟುವುದಿಲ್ಲ. ಅಲ್ಲಿ ಬಿಟ್ಟದ್ದು ವರ್ಷಗಟ್ಟಲೆ ಬಿದ್ದಿರುತ್ತದೆ. ನಿಮ್ಮ ಸ್ವಂತ ಲೆಕ್ಕಪತ್ರ, ಖಾಲಿ ಅರ್ಜಿ ನಮೂನೆಗಳನ್ನು ಇದಕ್ಕೆ ಮೊದಲೇ ಡೌನ್‌ಲೋಡ್ಸ್‌ನಿಂದ ಬೇರೆ ಕಡೆ ಸರಿಸಿಕೊಳ್ಳಿ.

ಗಿರಾಕಿಗಳು ಕಾಗದ ಕಳಿಸುವ ಅಂಗಡಿಯ ವಾಟ್ಸ್‌ಆ್ಯಪ್ ನಂಬರಿನಲ್ಲಿ 24 ಗಂಟೆಯಲ್ಲಿ ಸಂದೇಶ ತಾನಾಗಿ ಅಳಿಯುವ ಟೈಮರ್ ಇಡಿ. ಮೊಬೈಲಿಗೆ ಫೋಟೋ ತಾನಾಗಿ ಡೌನ್‌ಲೋಡ್ ಆಗುವುದನ್ನೂ ನಿಲ್ಲಿಸಿ. ಇಲ್ಲದಿದ್ದರೆ ಸಂದೇಶ ಹೋದರೂ ಫೋಟೋ ಗ್ಯಾಲರಿಯಲ್ಲಿ ಉಳಿಯುತ್ತದೆ.

ನಾಡಕಚೇರಿ, ಸೇವಾ ಸಿಂಧು, ಭೂಮಿ, ಎಸ್‌ಎಸ್‌ಪಿ (ವಿದ್ಯಾರ್ಥಿವೇತನದ ತಾಣ) ಈ ಸರ್ಕಾರಿ ತಾಣಗಳಿಗೆಲ್ಲ ಡೆಸ್ಕ್‌ಟಾಪ್ ಮೇಲೆ ಒಂದೊಂದು ಶಾರ್ಟ್‌ಕಟ್ ಮಾಡಿಕೊಂಡಿದ್ದೀರಿ. ಅವುಗಳ ಜಾಗ ಬ್ರೌಸರಿನ ಬುಕ್‌ಮಾರ್ಕ್ ಪಟ್ಟಿ. ಕ್ರೋಮ್‌ನಲ್ಲಿ ಕಂಟ್ರೋಲ್, ಶಿಫ್ಟ್, ಬಿ ಒತ್ತಿದರೆ ಅದು ವಿಳಾಸದ ಕೆಳಗೇ ಕಾಣುತ್ತದೆ. ಡೆಸ್ಕ್‌ಟಾಪಿಗೆ ಹೋಗಿ ಐಕಾನ್ ಹುಡುಕಬೇಕಾದರೆ ತೆರೆದ ಕಿಟಕಿಗಳನ್ನೆಲ್ಲ ಇಳಿಸಬೇಕು. ಬುಕ್‌ಮಾರ್ಕ್ ಆದರೆ ಅರ್ಜಿ ತುಂಬುತ್ತಿರುವ ಕಿಟಕಿಯಲ್ಲೇ ಒಂದು ಕ್ಲಿಕ್ ದೂರ. ನೀವು ಕೇಳಿದ ವೇಗ ಇಲ್ಲಿಂದಲೇ ಬರುತ್ತದೆ.

● ನಾನು ಬಿ.ಕಾಂ. ಓದುತ್ತಿದ್ದೇನೆ, ಸಂಜೆ ಒಬ್ಬ ಆಡಿಟರ್ ಬಳಿ ಕೆಲಸ ಕಲಿಯುತ್ತಿದ್ದೇನೆ. ಅಲ್ಲಿನ ಸೀನಿಯರ್ ಒಬ್ಬರು ಮೌಸ್ ಮುಟ್ಟದೆಯೇ ಟ್ಯಾಲಿ, ಎಕ್ಸೆಲ್ ತೆರೆಯುತ್ತಾರೆ. ಅದು ಹೇಗೆ? ನಾನು ಹಾಗೆ ಮಾಡಲು ಹೋದರೆ ಕೆಲವೊಮ್ಮೆ ಏನೂ ಬರುವುದಿಲ್ಲ.
— ವಿದ್ಯಾರ್ಥಿನಿ, ತುಮಕೂರು

ಆ ಸೀನಿಯರ್ ಕೈ ಗಮನಿಸಿದ್ದೀಯಲ್ಲ, ಒಳ್ಳೆಯ ಕಣ್ಣು ನಿನ್ನದು. ವಿಂಡೋಸ್ ಕೀ ಒಮ್ಮೆ ಒತ್ತಿ ಬಿಟ್ಟು, ಎಲ್ಲೂ ಕ್ಲಿಕ್ ಮಾಡದೆ ‘ಎಕ್ಸೆಲ್’ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಟೈಪ್ ಮಾಡುತ್ತಾ ಹೋಗು. ಎರಡು ಮೂರು ಅಕ್ಷರಕ್ಕೇ ಅದು ಮೇಲೆ ಬಂದು ನಿಲ್ಲುತ್ತದೆ, ಎಂಟರ್ ಒತ್ತು. ಇದು ಗೊತ್ತಿದ್ದವರಿಗೆ ಡೆಸ್ಕ್‌ಟಾಪ್ ಮೇಲೆ ಒಂದು ಐಕಾನೂ ಬೇಕಾಗುವುದಿಲ್ಲ.

ಇನ್ನೂ ಚುರುಕಾದ ದಾರಿ ಟಾಸ್ಕ್‌ಬಾರ್. ಪ್ರೋಗ್ರಾಂ ತೆರೆದಿರುವಾಗ ಕೆಳಗಿನ ಪಟ್ಟಿಯಲ್ಲಿ ಅದರ ಐಕಾನಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಪಿನ್ ಟು ಟಾಸ್ಕ್‌ಬಾರ್’ ಒತ್ತಿದರೆ ಅದು ಅಲ್ಲೇ ಕಾಯಂ. ಹೀಗೆ ಪಿನ್ ಮಾಡಿದವುಗಳಲ್ಲಿ ಎಡದಿಂದ ಮೊದಲನೆಯದು ವಿಂಡೋಸ್ ಕೀ ಜೊತೆ 1, ಎರಡನೆಯದು 2. 2009ರ ವಿಂಡೋಸ್ 7ರಿಂದಲೂ ಇದು ಹೀಗೇ ಇದೆ. ಟ್ಯಾಲಿ 1, ಎಕ್ಸೆಲ್ 2, ಬ್ರೌಸರ್ 3 ಎಂದು ಜೋಡಿಸಿಕೊಂಡು ಆ ಕ್ರಮವನ್ನು ಬದಲಿಸಬೇಡ. ಕ್ರಮ ಸ್ಥಿರವಾಗಿದ್ದರೆ ಬೆರಳಿಗೆ ರೂಢಿಯಾಗುತ್ತದೆ, ಕಣ್ಣಿಗೆ ಹುಡುಕುವ ಕೆಲಸ ತಪ್ಪುತ್ತದೆ. ಪ್ರೋಗ್ರಾಂ ಆಗಲೇ ತೆರೆದಿದ್ದರೆ ಅದೇ ಕೀಲಿ ಅದನ್ನು ಮುಂದೆ ತರುತ್ತದೆ.

ಕೆಲವೊಮ್ಮೆ ಏನೂ ಬರುವುದಿಲ್ಲ ಅಂದೆಯಲ್ಲ, ಕಾರಣ ಬಹುಶಃ ಕೀಬೋರ್ಡ್ ಆಗ ಕನ್ನಡದಲ್ಲಿರುವುದು. ನುಡಿ ಅಥವಾ ವಿಂಡೋಸಿನ ಕನ್ನಡ ಕೀಬೋರ್ಡ್ ಆನ್ ಇದ್ದಾಗ ಟೈಪ್ ಮಾಡಿದ್ದು ಕನ್ನಡ ಅಕ್ಷರವಾಗಿ ಬೀಳುತ್ತದೆ, ಪ್ರೋಗ್ರಾಮಿನ ಹೆಸರು ಇಂಗ್ಲಿಷಿನಲ್ಲಿರುವುದರಿಂದ ಹೊಂದುವುದಿಲ್ಲ. ವಿಂಡೋಸ್ ಕೀ ಜೊತೆ ಸ್ಪೇಸ್ ಬಾರ್ ಒತ್ತಿ ಭಾಷೆ ಬದಲಿಸಿಕೋ. ನುಡಿ, ಬರಹ ಬಳಸುತ್ತಿದ್ದರೆ ಅದರೊಳಗೆ ಇಂಗ್ಲಿಷಿಗೆ ತಿರುಗಿಸು. ಟಾಸ್ಕ್‌ಬಾರಿನ ಅಂಕಿಗಳಿಗೆ ಭಾಷೆಯ ಈ ತೊಡಕು ಕಡಿಮೆ. ದಿನವಿಡೀ ಎರಡು ಭಾಷೆಯಲ್ಲಿ ಟೈಪ್ ಮಾಡುವ ನಮ್ಮಂಥವರಿಗೆ ಅದೇ ಮೇಲು ಎಂದು ನನ್ನ ಅಭಿಪ್ರಾಯ.

● ನಾನು ಕೆಲಸದ ಮೇಲೆ ನ್ಯೂಜೆರ್ಸಿಯಲ್ಲಿದ್ದೇನೆ. ಮೈಸೂರಿನಲ್ಲಿ ಅಮ್ಮ ಒಬ್ಬರೇ. ಲ್ಯಾಪ್‌ಟಾಪಿನಲ್ಲಿ ನನ್ನ ಜೊತೆ ವಿಡಿಯೋದಲ್ಲಿ ಮಾತಾಡುವುದು, ಫೋಟೋ ನೋಡುವುದು, ಕರೆಂಟ್ ಬಿಲ್ ಕಟ್ಟುವುದು ಇಷ್ಟೇ ಅವರ ಕೆಲಸ. ಆದರೆ ಪರದೆಯಲ್ಲಿ ಏನೇನೋ ಸೇರಿಕೊಂಡು ಪ್ರತಿಸಲ ಫೋನಿನಲ್ಲಿ ‘ಯಾವುದನ್ನ ಒತ್ತಲಿ ಕಣೋ’ ಎಂದು ಕೇಳುತ್ತಾರೆ. ದೂರದಿಂದಲೇ ಸರಿಮಾಡಬಹುದೇ ಮೇಡಂ?
— ಮಗ

ಖಂಡಿತ ಮಾಡಬಹುದು. ವಿಂಡೋಸಿನಲ್ಲೇ ‘ಕ್ವಿಕ್ ಅಸಿಸ್ಟ್’ ಎಂಬ ಸೌಲಭ್ಯವಿದೆ. ಕಂಟ್ರೋಲ್, ವಿಂಡೋಸ್ ಕೀ, ಕ್ಯೂ ಒಟ್ಟಿಗೆ ಒತ್ತಿದರೆ ತೆರೆಯುತ್ತದೆ. ನೀವು ನಿಮ್ಮ ಮೈಕ್ರೋಸಾಫ್ಟ್ ಖಾತೆಯಿಂದ ಒಳಗೆ ಹೋಗಿ ಒಂದು ಕೋಡ್ ಪಡೆದು ಅಮ್ಮನಿಗೆ ಹೇಳಿ. ಅವರು ಅದನ್ನು ಹಾಕಿ ಒಪ್ಪಿಗೆ ಕೊಟ್ಟರೆ ಅವರ ಪರದೆ ನಿಮಗೆ ಕಾಣುತ್ತದೆ, ನಿಯಂತ್ರಣವನ್ನೂ ಕೇಳಿ ಪಡೆಯಬಹುದು. ಅದೇ ಹೊತ್ತಿನಲ್ಲಿ ಅಮ್ಮನಿಗೆ ಒಂದು ಮಾತು ಗಟ್ಟಿಯಾಗಿ ಹೇಳಿ: ಮಗ ತಾನೇ ಫೋನ್ ಮಾಡಿ, ದನಿ ಗುರುತು ಸಿಕ್ಕಿದಾಗ ಮಾತ್ರ ಕೋಡ್ ಹಾಕಬೇಕು. ಬ್ಯಾಂಕಿನವರು, ಕಂಪ್ಯೂಟರ್ ಕಂಪನಿಯವರು ಅಂತ ಯಾರೇ ಕರೆ ಮಾಡಿ ಹೇಳಿದರೂ ಕೂಡದು. ಮೋಸಗಾರರು ಬಳಸುವುದೂ ಇದೇ ದಾರಿಯನ್ನು.

ಅಮ್ಮನ ವಿಷಯದಲ್ಲಿ ನಾನು ಇಲ್ಲಿಯವರೆಗೆ ಹೇಳಿದ್ದಕ್ಕೆ ವಿರುದ್ಧವಾಗಿ ಹೇಳುತ್ತೇನೆ. ಅವರಿಗೆ ಟೈಪ್ ಮಾಡಿ ತೆರೆಯುವುದು, ಅಂಕಿ ನೆನಪಿಡುವುದು ಬೇಡ. ಡೆಸ್ಕ್‌ಟಾಪ್ ಮೇಲೆ ಐಕಾನೇ ಇರಲಿ, ಮೂರೇ ಮೂರು ಇರಲಿ. ಕರೆಂಟ್ ಬಿಲ್ಲಿನ ಪುಟವನ್ನು ಎಡ್ಜ್‌ನಲ್ಲಿ ತೆರೆದು ಮೆನುವಿನ ‘ಮೋರ್ ಟೂಲ್ಸ್’, ‘ಆ್ಯಪ್ಸ್’ ಒಳಗಿನ ಆಯ್ಕೆಯಿಂದ ಆ್ಯಪ್ ಆಗಿ ಮಾಡಿ. ಆಗ ಅದು ತನ್ನದೇ ಐಕಾನು, ತನ್ನದೇ ಕಿಟಕಿಯೊಂದಿಗೆ ತೆರೆಯುತ್ತದೆ. ಅಮ್ಮ ವಿಳಾಸ ಟೈಪ್ ಮಾಡುವಾಗ ನಕಲಿ ಪುಟಕ್ಕೆ ಹೋಗುವ ಅಪಾಯವೂ ತಪ್ಪುತ್ತದೆ. ಶಾರ್ಟ್‌ಕಟ್‌ಗಳ ಹೆಸರನ್ನು ಎಫ್2 ಒತ್ತಿ ಬದಲಿಸಿ: ‘ಮಗನ ಜೊತೆ ಮಾತು’, ‘ಫೋಟೋ’, ‘ಕರೆಂಟ್ ಬಿಲ್’. ಕನ್ನಡದಲ್ಲೇ ಬರೆಯಿರಿ, ಚೆನ್ನಾಗಿ ಕಾಣುತ್ತದೆ. ಕಂಟ್ರೋಲ್ ಒತ್ತಿ ಹಿಡಿದು ಮೌಸಿನ ಚಕ್ರ ತಿರುಗಿಸಿದರೆ ಐಕಾನ್ ದೊಡ್ಡದಾಗುತ್ತದೆ. ಹಿನ್ನೆಲೆಗೆ ಮೊಮ್ಮಕ್ಕಳ ಫೋಟೋ ಹಾಕುವ ಆಸೆ ನಿಮಗೆ ಆಗಬಹುದು. ಆದರೆ ಮುಖಗಳ ಮೇಲೆ ಐಕಾನ್ ಕೂತರೆ ಎರಡೂ ಕಾಣುವುದಿಲ್ಲ. ಒಂದೇ ತಿಳಿಬಣ್ಣ ಇಡಿ, ಫೋಟೋ ಫೋಲ್ಡರಿನಲ್ಲಿರಲಿ.

● ವಿಂಡೋಸ್ 10ಕ್ಕೆ ಬೆಂಬಲ ನಿಂತಿತು ಅಂತ ಹಳೆ ಕಂಪ್ಯೂಟರಿಗೆ ವಿಂಡೋಸ್ ಬದಲು ಉಬುಂಟು ಹಾಕಿಸಿದೆ. ಡೆಸ್ಕ್‌ಟಾಪ್ ಖಾಲಿ! ಪ್ರೋಗ್ರಾಂ ಐಕಾನ್ ಎಳೆದು ತಂದು ಹಾಕಲು ಹೋದರೆ ಕೂರುವುದೇ ಇಲ್ಲ.
— ನಿವೃತ್ತ ನೌಕರರು, ಧಾರವಾಡ

ಮೈಕ್ರೋಸಾಫ್ಟ್ ವಿಂಡೋಸ್ 10ರ ಬೆಂಬಲ ನಿಲ್ಲಿಸಿದ್ದು 2025ರ ಅಕ್ಟೋಬರ್ 14ರಂದು. ಹಳೆಯ ಯಂತ್ರವನ್ನು ಗುಜರಿಗೆ ಹಾಕದೆ ಉಬುಂಟು ಹಾಕಿಸಿದ್ದೀರಿ, ಬಹಳ ಸಂತೋಷ ಸರ್. ಉಬುಂಟು ಬಳಸುವ ಗ್ನೋಮ್ ಎಂಬ ಪರದೆ ವ್ಯವಸ್ಥೆಯನ್ನು (ಐಕಾನ್, ಪಟ್ಟಿ, ಕಿಟಕಿಗಳನ್ನು ತೋರಿಸುವ ಭಾಗ) ಕಟ್ಟಿದವರು 2011ರಲ್ಲಿ ಮೂರನೇ ಆವೃತ್ತಿ ತಂದಾಗಲೇ ಡೆಸ್ಕ್‌ಟಾಪ್ ಮೇಲಿನ ಐಕಾನುಗಳನ್ನು ಕೈಬಿಟ್ಟರು. ಉಬುಂಟುವಿನವರು ಫೈಲುಗಳನ್ನು ಇಡುವಷ್ಟು ಅನುಕೂಲವನ್ನು ಮರಳಿ ಸೇರಿಸಿದ್ದಾರೆ. ಪ್ರೋಗ್ರಾಂಗಳಿಗೆ ಎಡಗಡೆಯ ಪಟ್ಟಿಯೇ ಜಾಗ. ವಿಂಡೋಸ್ ಗುರುತಿನ ಕೀಯನ್ನೇ ಒತ್ತಿ ಹೆಸರು ಟೈಪ್ ಮಾಡಿ, ಬಂದ ಐಕಾನಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಪಿನ್ ಟು ಡ್ಯಾಶ್’ ಆರಿಸಿ. ಆ ಕೀ ಜೊತೆ 1, 2, 3 ಇಲ್ಲೂ ನಡೆಯುತ್ತದೆ. ಒಂದು ವಾರ ಹೀಗೇ ಬಳಸಿ ನೋಡಿ. ಆಗಲೂ ಮನಸ್ಸು ಒಪ್ಪದೆ ಡೆಸ್ಕ್‌ಟಾಪ್ ಮೇಲೆ ಐಕಾನ್ ಬೇಕೇ ಬೇಕು ಅನ್ನಿಸಿದರೆ ಉಬುಂಟು ಬದಲು ಲಿನಕ್ಸ್ ಮಿಂಟ್ ಹಾಕಿಸಿ. ಅದರ ಮೆನುವಿನಲ್ಲಿ ರೈಟ್ ಕ್ಲಿಕ್ ಮಾಡಿದರೆ ‘ಆ್ಯಡ್ ಟು ಡೆಸ್ಕ್‌ಟಾಪ್’ ಸಿಗುತ್ತದೆ.

● ಮಗು ಆಡುತ್ತಾ ಏನೋ ಒತ್ತಿತು, ಡೆಸ್ಕ್‌ಟಾಪಿನ ಐಕಾನ್ ಎಲ್ಲವೂ ಮಾಯ! ದಯವಿಟ್ಟು ಬೇಗ ತಿಳಿಸಿ.
— ಗೃಹಿಣಿ, ಕಾರವಾರ

ಒಂದೂ ಹೋಗಿಲ್ಲಮ್ಮ, ಕಣ್ಮರೆಯಾಗಿವೆ ಅಷ್ಟೇ. ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ. ‘ವ್ಯೂ’ ಮೇಲೆ ಮೌಸ್ ಒಯ್ದರೆ ಪಕ್ಕದಲ್ಲಿ ಪಟ್ಟಿ ತೆರೆಯುತ್ತದೆ. ಅದರ ಕೊನೆಯಲ್ಲಿರುವ ‘ಶೋ ಡೆಸ್ಕ್‌ಟಾಪ್ ಐಕಾನ್ಸ್’ ಎದುರಿಗೆ ಟಿಕ್ ಇಲ್ಲದಿದ್ದರೆ ಅದನ್ನು ಒತ್ತಿ. ಎಲ್ಲವೂ ವಾಪಸ್ ಬರುತ್ತವೆ. ಬಂದ ಮೇಲೆ, ತೀರ್ಥಹಳ್ಳಿಯ ಶಿಕ್ಷಕಿಗೆ ಬರೆದ ಉತ್ತರ ಓದಿ ಬಾಣವಿಲ್ಲದ ಫೈಲುಗಳನ್ನು ಇವತ್ತೇ ಡಾಕ್ಯುಮೆಂಟ್ಸ್‌ಗೆ ಸರಿಸಿಬಿಡಿ. ಮುಂದಿನ ಸಲ ಮಗುವಿನ ಬೆರಳು ಡಿಲೀಟ್ ಕೀ ಮೇಲೆ ಬೀಳಬಹುದು.